ಹಾಡಿನ ಆಯ್ಕೆ ಮತ್ತು ರಾಜಕೀಯ ಅರ್ಥ: ಕಿರುತೆರೆಯ ಗಾಯನ ಸ್ಪರ್ಧೆಗಳ ಒಂದು ಜಾನಪದೀಯ ಓದು

೧

ಹಾಡನ್ನು ಯಾರು ಹಾಡುತ್ತಾರೆ, ಯಾರ ಮುಂದೆ ಹಾಡುತ್ತಾರೆ, ಯಾವ ಹೊತ್ತಿನಲ್ಲಿ ಹಾಡುತ್ತಾರೆ ಎಂಬ ಪ್ರಶ್ನೆಗಳು ಜಾನಪದ ಅಧ್ಯಯನಕ್ಕೆ ಹೊಸವಲ್ಲ. ಪಠ್ಯವನ್ನಷ್ಟೇ ಬರೆದುಕೊಂಡು ಅರ್ಥ ಹೇಳುತ್ತಿದ್ದ ಕ್ರಮವನ್ನು ದಾಟಿ, ಪಠ್ಯ, ಸಂದರ್ಭ, ಪ್ರದರ್ಶನ ಈ ಮೂರನ್ನೂ ಕೂಡಿಸಿ ನೋಡಬೇಕೆಂಬ ತಿಳಿವಳಿಕೆ ಕನ್ನಡ ಜಾನಪದದಲ್ಲಿ ನೆಲೆಗೊಂಡು ದಶಕಗಳೇ ಸಂದಿವೆ. ಆದರೆ ಕಿರುತೆರೆಯ ಗಾಯನ ಸ್ಪರ್ಧೆಗಳನ್ನು ಕುರಿತ ಸಾರ್ವಜನಿಕ ಚರ್ಚೆಗಳಲ್ಲಿ ಈ ತಿಳಿವಳಿಕೆ ಬಳಕೆಗೆ ಬಂದುದು ವಿರಳ. ಅಲ್ಲಿ ಸ್ಪರ್ಧಿ ಹಾಡಿದ ಹಾಡು ಸ್ಪರ್ಧಿಯ ಹೇಳಿಕೆಯೆಂದೇ ಪರಿಗಣಿತವಾಗುತ್ತದೆ. ಹಾಡಿನಲ್ಲಿರುವ ದೇವರ ಹೆಸರು, ನಾಡಿನ ಹೆಸರು, ಬಳಕೆಯಾದ ಭಾಷೆ ಇವೆಲ್ಲವೂ ಹಾಡುವವರ ನಿಲುವಿನ ಸಾಕ್ಷ್ಯಗಳಾಗುತ್ತವೆ.

ಈ ಬಗೆಯ ಓದು ಎಷ್ಟರಮಟ್ಟಿಗೆ ಸರಿ ಎಂಬುದು ಪ್ರಸ್ತುತ ಲೇಖನದ ವಿಚಾರ. ಸ್ಪರ್ಧೆಯ ಹಾಡಿಗೆ ರಾಜಕೀಯ ಅರ್ಥವೇ ಇಲ್ಲವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಅರ್ಥವಿದೆ, ಆದರೆ ಅದು ಬಹುಮಟ್ಟಿಗೆ ಹಾಡಿನ ಆಯ್ಕೆಯಲ್ಲಿ ಹುಟ್ಟುವುದಿಲ್ಲ. ಹಾಡುವ ದೇಹವನ್ನು ಸಮಾಜ ಗುರುತಿಸುವ ಬಗೆಯಲ್ಲಿ, ವೇದಿಕೆ ಆ ಹಾಡಿಗೆ ಕಟ್ಟುವ ಚೌಕಟ್ಟಿನಲ್ಲಿ ಅದು ಹುಟ್ಟುತ್ತದೆ. ಆಯ್ಕೆಯ ಹೊಣೆಯನ್ನು ಮಾತ್ರ ಹಾಡಿದವರ ಹೆಗಲಿಗೆ ಹೊರಿಸಲಾಗುತ್ತದೆ.

೨

ಕನ್ನಡದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ೨೦೧೭ರ ಮಾರ್ಚ್ ತಿಂಗಳಿನದು. ಜೀ ಕನ್ನಡ ವಾಹಿನಿಯ ‘ಸರಿಗಮಪ’ ಸ್ಪರ್ಧೆಯ ಹದಿಮೂರನೆಯ ಆವೃತ್ತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಸುಹಾನಾ ಸೈಯದ್ ಎಂಬ ತರುಣಿ ಹಿಜಾಬ್ ಧರಿಸಿ ಒಂದು ಭಕ್ತಿಗೀತೆಯನ್ನು ಹಾಡಿದರು. ಅದು ೨೦೦೮ರಲ್ಲಿ ತೆರೆಕಂಡ ‘ಗಜ’ ಚಲನಚಿತ್ರದ, ಶ್ರೀನಿವಾಸನನ್ನು ಸ್ತುತಿಸುವ ಗೀತೆ. ತೀರ್ಪುಗಾರರ ಪೀಠದಿಂದ ಮೆಚ್ಚುಗೆ ಬಂತು. ಗಾಯಕಿ ಎರಡು ಧರ್ಮಗಳ ಸೌಹಾರ್ದಕ್ಕೆ ಸಂಕೇತವೆಂಬ ಮಾತೂ ಅಲ್ಲಿಂದಲೇ ಬಂತು. ಮರುದಿನಗಳಲ್ಲಿ ಮಂಗಳೂರಿನ ಮುಸ್ಲಿಮರ ಹೆಸರಿನಲ್ಲಿ ನಡೆಯುತ್ತಿದ್ದ ಫೇಸ್‌ಬುಕ್ ಪುಟವೊಂದು ಆಕೆಯನ್ನೂ ಆಕೆಯ ತಂದೆತಾಯಿಗಳನ್ನೂ ಕಟುವಾಗಿ ನಿಂದಿಸಿತು. ಅದು ರಾಷ್ಟ್ರಮಟ್ಟದ ಸುದ್ದಿಯಾಯಿತು. ಸುದ್ದಿಯ ಶೀರ್ಷಿಕೆಗಳಲ್ಲಿ ಬಹುಪಾಲು ಒಂದೇ ಧಾಟಿಯವು: ಹಿಂದೂ ಭಕ್ತಿಗೀತೆ ಹಾಡಿದ ಮುಸ್ಲಿಂ ಯುವತಿಗೆ ವಿರೋಧ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ನಿಂದನೆಯ ಬರಹ ಮುಖ್ಯವಾಗಿ ಎತ್ತಿದ ಆಕ್ಷೇಪ ಪರಪುರುಷರ ಎದುರು ಹೆಣ್ಣೊಬ್ಬಳು ನಿಂತು ಹಾಡಿದುದನ್ನು ಕುರಿತದ್ದು. ಆಕೆ ತೊಟ್ಟ ಪರ್ದಾದ ಗೌರವವನ್ನು ಕುರಿತದ್ದು. ಎಂದರೆ ಆಕ್ಷೇಪದ ಕೇಂದ್ರದಲ್ಲಿ ಇದ್ದುದು ಹೆಣ್ಣಿನ ದೇಹ ಮತ್ತು ಉಡುಪು. ಆಕೆ ಇನ್ನಾವ ಹಾಡನ್ನು ಹಾಡಿದ್ದರೂ ಅದೇ ಆಕ್ಷೇಪವನ್ನು ಎತ್ತಲು ಸಾಧ್ಯವಿತ್ತು. ಆದರೆ ಸಾರ್ವಜನಿಕ ಚರ್ಚೆಯು ಲಿಂಗದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಗೀತೆಯ ದೈವವನ್ನು ಮುಂದಕ್ಕೆ ತಂದಿತು. ಹೆಣ್ಣಿನ ಸ್ವಾತಂತ್ರ್ಯದ ಪ್ರಶ್ನೆ ಎರಡು ಧರ್ಮಗಳ ನಡುವಿನ ಪ್ರಶ್ನೆಯಾಗಿ ಮಾರ್ಪಟ್ಟಿತು. ಹಾಡಿನ ಆಯ್ಕೆಯಲ್ಲಿ ರಾಜಕೀಯವನ್ನು ಓದುವ ಅವಸರವು ನಿಜವಾಗಿ ಅಲ್ಲಿದ್ದ ರಾಜಕೀಯವನ್ನೇ ಮರೆಮಾಡಿದ ಬಗೆ ಇದು.

ನಿಂದಿಸಿದವರೂ ಹೊಗಳಿದವರೂ ಒಂದು ಅಂಶದಲ್ಲಿ ಸಮಾನರು ಎಂಬುದನ್ನೂ ಹೇಳಬೇಕಾಗುತ್ತದೆ. ಇಬ್ಬರಿಗೂ ಆಕೆ ಗಾಯಕಿಯಾಗಿ ಕಾಣುವ ಮೊದಲು ಸಮುದಾಯದ ಪ್ರತಿನಿಧಿಯಾಗಿ ಕಂಡರು. ಶ್ರುತಿ, ಲಯ, ಉಚ್ಚಾರಣೆ, ಭಾವ ಇವುಗಳ ಮೌಲ್ಯಮಾಪನಕ್ಕೆಂದು ಬಂದವರು ಸಂಕೇತವಾಗಿ ಹಿಂದಿರುಗಿದರು. ಸಂಕೇತವಾದವರಿಗೆ ಮುಂದಿನ ಸುತ್ತಿನಲ್ಲಿ ಸಾಧಾರಣವಾಗಿ ಹಾಡುವ ಸ್ವಾತಂತ್ರ್ಯವೂ ಇರುವುದಿಲ್ಲ. ಯಾವ ಹಾಡು ಹಾಡಿದರೂ ಅದು ಹಿಂದಿನ ಹಾಡಿಗೆ ಕೊಟ್ಟ ಉತ್ತರವಾಗುತ್ತದೆ.

೩

ಹಾಡನ್ನು ಆಯುವವರು ಯಾರು? ಈ ಪ್ರಶ್ನೆಗೆ ಕುಂದಾಪುರ ಸೀಮೆಯ ಪ್ರದರ್ಶನ ಪರಂಪರೆಗಳು ಕೊಡುವ ಉತ್ತರ ಉಪಯುಕ್ತವಾದುದು. ಬೈಂದೂರಿಗೆ ಹೊಂದಿಕೊಂಡಿರುವ ಯಡ್ತರೆಯ ಸುತ್ತಿನ ಪ್ರದೇಶ ಬಡಗುತಿಟ್ಟಿನ ಬಯಲಾಟ, ಹೂವಿನಕೋಲು, ಕುಡುಬಿಯರ ಹೋಳಿ ಕುಣಿತ, ಪಾಣಾರಾಟ ಇವೆಲ್ಲವೂ ಅಕ್ಕಪಕ್ಕದಲ್ಲೇ ಬಾಳಿಬಂದ ಸೀಮೆ. ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳ ಹರಕೆಯಾಟದಲ್ಲಿ ಪ್ರಸಂಗವನ್ನು ನಿಶ್ಚಯಿಸುವಲ್ಲಿ ಆಟ ಆಡಿಸುವವನ ಇಷ್ಟಕ್ಕೆ ಸ್ಥಾನವಿದೆ. ಬಣ್ಣ ಹಚ್ಚುವ ಕಲಾವಿದನ ಸ್ವಂತ ನಂಬಿಕೆಗೂ ಆ ರಾತ್ರಿಯ ಪ್ರಸಂಗಕ್ಕೂ ನೇರ ಸಂಬಂಧ ಕಲ್ಪಿಸುವುದಿಲ್ಲ. ನವರಾತ್ರಿಯ ದಿನಗಳಲ್ಲಿ ಹೂವಿನಿಂದ ಸಿಂಗರಿಸಿದ ಕೋಲು ಹಿಡಿದು ಮನೆಮನೆಗೆ ಬರುವ ಮಕ್ಕಳು ಪ್ರಸಂಗದ ತುಣುಕೊಂದನ್ನು ಮಾತಾಗಿಸಿ, ಮನೆಯವರನ್ನು ಹರಸಿ ಹೋಗುತ್ತಾರೆ. ಆ ತುಣುಕನ್ನು ಕಲಿಸಿದವನು ಗುರು. ಆ ಹೊತ್ತಿಗೆ ಒಪ್ಪುವುದನ್ನು ಎತ್ತಿಕೊಳ್ಳುವವನು ಭಾಗವತ. ಕೌರವನ ಮಾತಾಡಿದ ಹುಡುಗನನ್ನು ಕೌರವನ ಪಕ್ಷದವನೆಂದು ಯಾರೂ ಭಾವಿಸುವುದಿಲ್ಲ.

ತಾಳಮದ್ದಳೆಯಲ್ಲಿ ಈ ಅಂತರ ಇನ್ನೂ ಖಚಿತ. ಅರ್ಥಧಾರಿ ಇಂದು ರಾಮನ ಪರವಾಗಿ, ನಾಳೆ ವಾಲಿಯ ಪರವಾಗಿ ವಾದಿಸಬೇಕು. ಜಬ್ಬಾರ್ ಸಮೋ ಅವರ ಅರ್ಥಗಾರಿಕೆಯನ್ನು ಕರಾವಳಿಯ ಪ್ರೇಕ್ಷಕರು ದೀರ್ಘಕಾಲದಿಂದ ಕೇಳುತ್ತ ಬಂದಿದ್ದಾರೆ. ಅಲ್ಲಿ ಮುಖ್ಯವಾಗಿ ಚರ್ಚೆಗೆ ಬರುವುದು ಪುರಾಣಜ್ಞಾನ, ವಾದದ ಬಿಗಿ ಮತ್ತು ಎದುರಾಳಿಯ ಮಾತಿಗೆ ಹೂಡುವ ಪ್ರತಿಮಾತು. ಪಾತ್ರಕ್ಕೂ ಪಾತ್ರಧಾರಿಗೂ ನಡುವಿನ ಅಂತರವನ್ನು ಕಾಯುವುದು ಈ ಪರಂಪರೆಗೆ ತಿಳಿದಿದೆ.

ಹಾಗೆಂದ ಮಾತ್ರಕ್ಕೆ ಜಾನಪದ ಪ್ರದರ್ಶನಗಳು ರಾಜಕಾರಣದಿಂದ ಮುಕ್ತವೆಂದು ತಿಳಿಯುವುದು ತಪ್ಪಾಗುತ್ತದೆ. ಪಾಣಾರಾಟದಲ್ಲಿ ದೈವವನ್ನು ಮೈಮೇಲೆ ತಂದುಕೊಳ್ಳುವ ಹೊಣೆ ಒಂದು ಸಮುದಾಯದ್ದು; ನೋಡುವ, ನಡೆಸುವ ಅಧಿಕಾರ ಬೇರೆಯವರದು. ಈ ಏಣಿಶ್ರೇಣಿಯನ್ನು ಹಾಡಿನ ಪಠ್ಯದಲ್ಲಿ ಹುಡುಕಿದರೆ ಸಿಗಲಾರದು. ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ವೀಳ್ಯ ಕೊಡುತ್ತಾರೆ, ಯಾರು ಪಡೆಯುತ್ತಾರೆ ಎಂಬಲ್ಲಿ ಅದು ಸಿಗುತ್ತದೆ. ರಾಜಕಾರಣವನ್ನು ಪದಗಳಲ್ಲಷ್ಟೇ ಹುಡುಕುವ ಓದು ಇಂಥಲ್ಲಿ ಬರಿಗೈಯಲ್ಲಿ ಹಿಂದಿರುಗುತ್ತದೆ.

ಕಿರುತೆರೆಯ ಸ್ಪರ್ಧೆಯನ್ನೂ ಇದೇ ಅಳತೆಗೋಲಿನಿಂದ ನೋಡಬಹುದು. ಅಲ್ಲಿ ಹಾಡು ಸ್ಪರ್ಧಿಯ ಏಕಾಂತದ ಆಯ್ಕೆಯಲ್ಲ. ಸುತ್ತಿಗೊಂದು ವಿಷಯವಿರುತ್ತದೆ, ವಾದ್ಯವೃಂದಕ್ಕೆ ಹೊಂದುವ, ಪ್ರಸಾರದ ಹಕ್ಕು ದೊರೆಯುವ, ನೋಡುಗರಿಗೆ ಪರಿಚಿತವಾದ ಗೀತೆಗಳ ಪರಿಧಿಯಿರುತ್ತದೆ, ತರಬೇತುದಾರರ ಮತ್ತು ಕಾರ್ಯಕ್ರಮ ತಂಡದ ಅಭಿಪ್ರಾಯವಿರುತ್ತದೆ. ಸ್ಪರ್ಧಿಯ ಇಷ್ಟ ಇವುಗಳಲ್ಲಿ ಒಂದು ಎಳೆ ಮಾತ್ರ. ಆಡಿಸುವವನೂ ಇಲ್ಲಿದ್ದಾನೆ, ಭಾಗವತನೂ ಇದ್ದಾನೆ. ಆದರೆ ಅವರು ತೆರೆಯ ಹಿಂದಿದ್ದಾರೆ. ಬಯಲಾಟದ ಪ್ರೇಕ್ಷಕನಿಗೆ ಆಡಿಸುವವನ ಹೆಸರು ಗೊತ್ತಿರುತ್ತದೆ. ಕಿರುತೆರೆಯ ಪ್ರೇಕ್ಷಕನಿಗೆ ಹಾಡುವವರ ಮುಖ ಮಾತ್ರ ಕಾಣುತ್ತದೆ. ಆದುದರಿಂದ ಹಲವರ ಆಯ್ಕೆಯ ಫಲವನ್ನು ಒಬ್ಬರೇ ಉಣ್ಣಬೇಕಾಗುತ್ತದೆ.

೪

ಗುರುತಿನ ರಾಜಕಾರಣ ಹಾಡಿನಲ್ಲಿಲ್ಲ, ಹಾಡುವವರನ್ನು ಗುರುತಿಸುವುದರಲ್ಲಿದೆ ಎಂಬುದಕ್ಕೆ ಅದೇ ವೇದಿಕೆಯ ಇನ್ನೊಂದು ನಿದರ್ಶನ ಬೆಂಬಲವಾಗಿದೆ. ‘ಸರಿಗಮಪ’ದ ಹದಿನೈದನೆಯ ಆವೃತ್ತಿಯಲ್ಲಿ (೨೦೧೮–೧೯) ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಲಮಾಣಿ ತತ್ತ್ವಪದಗಳನ್ನೂ ಶಿಶುನಾಳ ಶರೀಫರ ಪದಗಳನ್ನೂ ಹಾಡಿ ಎರಡನೆಯ ಸ್ಥಾನಕ್ಕೇರಿದರು. ಶರೀಫರು (೧೮೧೯–೧೮೮೯) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಗೋವಿಂದ ಭಟ್ಟರ ಶಿಷ್ಯರಾಗಿ ಬೆಳೆದವರು. ಅವರ ಪದವನ್ನು ಲಂಬಾಣಿ ಸಮುದಾಯದ ತರುಣ ಹಾಡಿದುದು ಧರ್ಮ ಸೌಹಾರ್ದದ ಸಂಕೇತವೆಂದಾಗಲಿ, ಧರ್ಮದ್ರೋಹವೆಂದಾಗಲಿ ವಿವಾದವಾಗಲಿಲ್ಲ. ಅವರನ್ನು ಗುರುತಿಸಿದ ಚೌಕಟ್ಟು ಬೇರೆ: ಮುಗ್ಧ ಹಳ್ಳಿಗ, ಕುರಿ ಕಾಯುವ ಪ್ರತಿಭೆ. ಇದೂ ಒಂದು ರಾಜಕೀಯ ಚೌಕಟ್ಟೇ. ನಗರ ಹಳ್ಳಿಯನ್ನು ಹೇಗೆ ನೋಡಲು ಬಯಸುತ್ತದೆ ಎಂಬುದು ಅದರಲ್ಲಿದೆ. ಆದರೆ ಅದನ್ನು ಯಾರೂ ರಾಜಕೀಯವೆಂದು ಕರೆಯಲಿಲ್ಲ. ಒಂದೆಡೆ ಹಾಡಿಗೆ ಇಲ್ಲದ ಅರ್ಥವನ್ನು ಹಚ್ಚಲಾಯಿತು, ಇನ್ನೊಂದೆಡೆ ಇದ್ದ ಅರ್ಥವನ್ನು ಕಾಣದೆ ಹೋಗಲಾಯಿತು.

ಸಿನಿಮಾ ಸಂಗೀತದ ಚರಿತ್ರೆಯೂ ಈ ಮಾತಿಗೆ ಪೋಷಕವಾಗಿದೆ. ೧೯೫೨ರ ಹಿಂದಿ ಚಲನಚಿತ್ರ ‘ಬೈಜು ಬಾವರಾ’ದಲ್ಲಿ ಮಾಲ್‌ಕೌಂಸ್ ರಾಗದ ಪ್ರಸಿದ್ಧ ಹರಿಭಜನೆಯನ್ನು ಬರೆದವರು ಶಕೀಲ್ ಬದಾಯೂನಿ, ಸಂಯೋಜಿಸಿದವರು ನೌಷಾದ್, ಹಾಡಿದವರು ಮಹಮ್ಮದ್ ರಫಿ. ಹಿನ್ನೆಲೆ ಗಾಯನದಲ್ಲಿ ಧ್ವನಿ ಕೇಳುತ್ತದೆ, ದೇಹ ಕಾಣುವುದಿಲ್ಲ. ಭಕ್ತಿ ಪರದೆಯ ಮೇಲಿನ ಪಾತ್ರಕ್ಕೆ ಸಲ್ಲುತ್ತದೆ. ಕಿರುತೆರೆಯ ಸ್ಪರ್ಧೆ ಈ ಏರ್ಪಾಡನ್ನು ಮುರಿದು, ಹಿನ್ನೆಲೆಯ ಧ್ವನಿಯನ್ನು ಮುನ್ನೆಲೆಯ ದೇಹವನ್ನಾಗಿ ಮಾಡಿತು. ಹೆಸರು, ಊರು, ಮನೆ, ತಂದೆತಾಯಿಗಳ ಕಣ್ಣೀರು ಎಲ್ಲವೂ ಹಾಡಿನ ಭಾಗವಾದವು.

ಧ್ವನಿ ಮತ್ತು ದೇಹದ ಈ ಭೇದಕ್ಕೆ ಯಡ್ತರೆಗೆ ಸಮೀಪದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಕೆ. ಜೆ. ಯೇಸುದಾಸ್ ಅವರು ದಶಕಗಳ ಕಾಲ ತಮ್ಮ ಜನ್ಮದಿನವಾದ ಜನವರಿ ೧೦ರಂದು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡುವ ಪದ್ಧತಿ ಇರಿಸಿಕೊಂಡಿದ್ದರು. ಸೀಮೆಯ ಜನರಿಗೆ ಅದು ಜನವರಿಯ ಒಂದು ವಾಡಿಕೆ. ಅದೇ ಗಾಯಕರ ಕೃಷ್ಣಭಕ್ತಿಯ ಹಾಡುಗಳು ಗುರುವಾಯೂರಿನ ಭಕ್ತರ ನಾಲಗೆಯ ಮೇಲಿದ್ದರೂ, ಅಲ್ಲಿನ ದೇವಾಲಯದೊಳಗೆ ಅವರಿಗೆ ಪ್ರವೇಶ ದೊರೆಯದಿದ್ದುದು ಕೇರಳದಲ್ಲಿ ಹಲವು ಬಾರಿ ಚರ್ಚೆಯಾಯಿತು. ಗಾಯಕ ಒಬ್ಬರೇ, ಭಕ್ತಿಯ ಬಗೆಯೂ ಒಂದೇ. ಬದಲಾದುದು ಆ ಹಾಡನ್ನು ಬರಮಾಡಿಕೊಂಡ ನೆಲೆ.

೫

ಹೊರಗಿನ ಲೋಕದ ಎರಡು ನಿದರ್ಶನಗಳನ್ನು ಹೋಲಿಕೆಗಾಗಿ ಇಲ್ಲಿ ಗಮನಿಸಬಹುದು. ಯೂರೋಪಿನ ‘ಯೂರೋವಿಷನ್’ ಸ್ಪರ್ಧೆಯಲ್ಲಿ ರಾಜಕೀಯ ಸಾಹಿತ್ಯವುಳ್ಳ ಹಾಡಿಗೆ ಅವಕಾಶವಿಲ್ಲವೆಂಬ ನಿಯಮವಿದೆ. ೨೦೦೯ರಲ್ಲಿ ಜಾರ್ಜಿಯಾದ ಹಾಡು ರಷ್ಯಾದ ನಾಯಕ ಪುಟಿನ್‌ರ ಹೆಸರಿನ ಮೇಲೆ ಶ್ಲೇಷೆ ಮಾಡಿದೆಯೆಂದು ಸಂಘಟಕರು ಬದಲಾವಣೆ ಕೇಳಿದಾಗ ಆ ದೇಶ ಸ್ಪರ್ಧೆಯಿಂದಲೇ ಹಿಂದೆಗೆಯಿತು. ೨೦೧೬ರಲ್ಲಿ ಕ್ರಿಮಿಯಾದ ತಾತಾರರ ೧೯೪೪ರ ಗಡೀಪಾರನ್ನು ಕುರಿತ ಉಕ್ರೇನಿನ ಜಮಾಲಾ ಅವರ ಹಾಡು ಚರಿತ್ರೆಯೆಂದು ಅಂಗೀಕೃತವಾಗಿ ಬಹುಮಾನ ಗೆದ್ದಿತು. ಅಲ್ಲಿ ಹಾಡುಗಳು ಸ್ಪರ್ಧೆಗೆಂದೇ ಹೊಸದಾಗಿ ರಚಿತವಾದವು; ಆದುದರಿಂದ ಪಠ್ಯವನ್ನು ಪ್ರಶ್ನಿಸುವುದಕ್ಕೆ ಒಂದು ಆಧಾರವಿದೆ.

ಭಾರತದ ಸ್ಪರ್ಧೆಗಳಲ್ಲಿ ಹಾಡುವುದು ಬಹುಪಾಲು ಬೇರೆಯವರು ಎಂದೋ ಹಾಡಿದ ಚಿತ್ರಗೀತೆಗಳನ್ನು. ೨೦೦೭ರ ‘ಇಂಡಿಯನ್ ಐಡಲ್’ ಮೂರನೆಯ ಆವೃತ್ತಿಯಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಗೆದ್ದಾಗ ಅವರು ಹಾಡಿದ ಹಿಂದಿ ಹಾಡುಗಳಲ್ಲಿ ಗೂರ್ಖಾಲ್ಯಾಂಡಿನ ಸುಳಿವೂ ಇರಲಿಲ್ಲ. ಆದರೆ ಅವರ ಗೆಲುವಿಗಾಗಿ ಮತ ಕೂಡಿಸಿದ ಜನಸಂಘಟನೆ, ರೇಡಿಯೋ ನಿರೂಪಕನೊಬ್ಬನ ಹಗುರ ಮಾತಿನಿಂದ ಸಿಲಿಗುರಿಯಲ್ಲಿ ಭುಗಿಲೆದ್ದ ಗಲಭೆ, ಅದೇ ವರ್ಷದ ಅಕ್ಟೋಬರಿನಲ್ಲಿ ಬಿಮಲ್ ಗುರುಂಗ್ ನೇತೃತ್ವದಲ್ಲಿ ಹುಟ್ಟಿದ ಗೂರ್ಖಾ ಜನಮುಕ್ತಿ ಮೋರ್ಚಾ ಇವು ಬಿಡಿಬಿಡಿ ಘಟನೆಗಳಲ್ಲ. ಯೂರೋವಿಷನ್ನಿನಲ್ಲಿ ಪಠ್ಯವೂ ಡಾರ್ಜಿಲಿಂಗಿನಲ್ಲಿ ಮತದಾನವೂ ಸಾಗರದ ತರುಣಿಯ ಪ್ರಕರಣದಲ್ಲಿ ದೇಹವೂ ರಾಜಕೀಯ ಅರ್ಥದ ನೆಲೆಗಳಾದವು. ಮೂರನ್ನೂ ‘ಹಾಡಿನ ಆಯ್ಕೆ’ ಎಂಬ ಒಂದೇ ಹೆಸರಿನಿಂದ ಕರೆದರೆ ವಿಮರ್ಶೆ ದಾರಿ ತಪ್ಪುತ್ತದೆ.

೬

ಹಾಗಾದರೆ ಆಯ್ಕೆಯಲ್ಲಿ ರಾಜಕಾರಣವೇ ಇಲ್ಲವೆ? ಇದೆ. ಆದರೆ ಅದು ಹಾಡಿದ ಹಾಡಿನಲ್ಲಿರುವುದಕ್ಕಿಂತ ಹೆಚ್ಚಾಗಿ ಪಟ್ಟಿಗೇ ಬಾರದ ಹಾಡುಗಳಲ್ಲಿದೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಈಟಿವಿಯಲ್ಲಿ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಿಂದ ಈಚೆಗೆ ಕನ್ನಡದ ಗಾಯನ ಸ್ಪರ್ಧೆಗಳ ಬೆನ್ನೆಲುಬಾದುದು ಚಿತ್ರಗೀತೆ. ಜನಪದ ಗೀತೆಗೆ ಒಂದು ಸುತ್ತು ಮೀಸಲಾದರೂ, ಅಲ್ಲಿ ಬರುವುದು ಧ್ವನಿಸುರುಳಿಗಳಿಂದ ಮತ್ತು ಸಿನಿಮಾದಿಂದ ಈಗಾಗಲೇ ಪ್ರಸಿದ್ಧವಾದ ಕೆಲವೇ ಪದಗಳು. ಕುಡುಬಿಯರು ಗುಮಟೆ ಬಡಿಯುತ್ತ ಹಾಡುವ ಕೊಂಕಣಿ ಪದಗಳಾಗಲಿ, ಬ್ಯಾರಿ ಭಾಷೆಯ ಮದುವೆಯ ಹಾಡುಗಳಾಗಲಿ, ಕುಂದಾಪುರ ಕನ್ನಡದ ನಾಟಿ ಹಾಡುಗಳಾಗಲಿ ಆ ಪಟ್ಟಿಯಲ್ಲಿ ಸ್ಥಾನ ಪಡೆಯುವುದು ಅಪರೂಪ. ಕುಂದಾಪುರ ಕನ್ನಡಕ್ಕೆ ಕಿರುತೆರೆಯಲ್ಲಿ ಸುಲಭವಾಗಿ ಸಿಕ್ಕಿದ ಜಾಗ ನಗೆಯ ಪ್ರಸಂಗಗಳದು.

ಯಡ್ತರೆಯ ಮಗುವೊಂದು ಸ್ಪರ್ಧೆಯ ಆಯ್ಕೆಗೆಂದು ಹೊರಟರೆ ಮನೆಯ ಹಾಡನ್ನು ಮನೆಯಲ್ಲೇ ಬಿಟ್ಟು, ಪಟ್ಟಿಯ ಹಾಡನ್ನು ಕಲಿತು ಹೋಗಬೇಕು. ಇದನ್ನು ಯಾರೂ ಆಜ್ಞೆಯಾಗಿ ಹೇಳುವುದಿಲ್ಲ. ವೇದಿಕೆಗೆ ಏನು ಬೇಕೆಂಬುದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ದೇವರ ಹೆಸರಿನ ಒಂದು ಗೀತೆಯನ್ನು ಹಿಡಿದು ವಾರಗಟ್ಟಲೆ ಚರ್ಚಿಸಿದ ಸಮಾಜ ಈ ಮೌನ ಆಯ್ಕೆಯನ್ನು ಕುರಿತು ಚರ್ಚಿಸಿದುದು ಕಡಿಮೆ.

ಒಟ್ಟಾರೆ, ಸ್ಪರ್ಧೆಯ ಹಾಡಿಗೆ ರಾಜಕೀಯ ಅರ್ಥ ಹೇಳಹೊರಡುವವರು ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಹಾಡನ್ನು ಆಯ್ದವರು ಯಾರು? ಯಾವ ಪಟ್ಟಿಯಿಂದ? ಅದೇ ಹಾಡನ್ನು ಬೇರೆ ಹೆಸರಿನ ಗಾಯಕ ಹಾಡಿದ್ದರೆ ಈ ಅರ್ಥ ಹೊಳೆಯುತ್ತಿತ್ತೆ? ಹೊಳೆದ ಅರ್ಥದ ಬೆಲೆ ತೆರುವವರು ಯಾರು? ಕೊನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಏಕೆಂದರೆ ಅರ್ಥ ಹೇಳಿದವರು ಮರುವಾರ ಇನ್ನೊಂದು ಹಾಡಿನ ಕಡೆಗೆ ಹೊರಳುತ್ತಾರೆ. ಹಾಡಿದ ಹೆಣ್ಣುಮಗಳು ಮಾತ್ರ ಅದೇ ಊರಿಗೆ, ಅದೇ ಕೇರಿಗೆ, ಅದೇ ಹೆಸರಿನೊಡನೆ ಮರಳಬೇಕು. ಪಾತ್ರವನ್ನೂ ಪಾತ್ರಧಾರಿಯನ್ನೂ ಬೇರೆಯಾಗಿ ಕಾಣುವ ವಿವೇಕ ಈ ನೆಲದ ಬಯಲಾಟಕ್ಕೂ ತಾಳಮದ್ದಳೆಗೂ ಇದೆ. ಅದನ್ನು ಕಿರುತೆರೆಯ ಹಾಡುಗಾರರಿಗೂ ಸಲ್ಲಿಸುವುದು ವಿಮರ್ಶೆಯ ಕರ್ತವ್ಯವಾಗಿದೆ.