ಬಿಸ್ಕತ್ತಿನ ಋಣ

ಈ ವಾರ ನಾಯಿಗಳ ಬೂಟಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬೇಗ ತೀರಿಸಿಬಿಡುತ್ತೇನೆ. ನಮ್ಮ ಸಹ್ಯಾದ್ರಿಯ ಚಾರಣಕ್ಕೆ ಬೂಟು ಬೇಡ. ನಾಯಿ ಬೆವರುವುದೇ ಅಂಗಾಲಿನಲ್ಲಿ; ಜಾರುಬಂಡೆಯಲ್ಲಿ ನೆಲ ಕಚ್ಚಿ ನಿಲ್ಲುವುದು ಉಗುರಿನ ಬಲದಿಂದ. ರಬ್ಬರು ತೊಡಿಸಿದರೆ ಎರಡಕ್ಕೂ ಕುತ್ತು. ಬಂಡೆ ನಿಮ್ಮ ಅಂಗೈಗೆ ಚುರ್ರೆಂದರೆ ಅದರ ಕಾಲಿಗೂ ಚುರ್ರೆನ್ನುತ್ತದೆ, ನೆರಳು ಹುಡುಕಿ. ಗಾಯವಾದ ಕಾಲಿಗಾದರೆ ಸರಿ, ತೊಡಿಸಿ. ಬೂಟಿನ ಕತೆ ಮುಗಿಯಿತು.

ಈ ಪ್ರಶ್ನೆ ಎತ್ತಿದವರು ತಳಿಪಂಥದವರು. ಅವರ ಜೊತೆ ನನ್ನದು ಹಳೆಯ ಜಗಳ. ಬೆಟ್ಟಕ್ಕೆ ಹಸ್ಕಿಯೇ ಆಗಬೇಕು ಎನ್ನುತ್ತಾರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಏಸಿ ಹಾಕಿ ಸಾಕಿದ್ದನ್ನು ಏಪ್ರಿಲ್ ಬಿಸಿಲಿಗೆ ಎಳೆದೊಯ್ದು, ಅದು ನಾಲಿಗೆ ಜೋತುಬಿಟ್ಟು ಏದುವುದನ್ನು ‘ನಗ್ತಿದೆ ನೋಡಿ’ ಎಂದು ರೀಲ್ಸ್ ಮಾಡುತ್ತಾರೆ. ಅವರಿಗೆ ನನ್ನ ಉತ್ತರ ಮೇರಾ. 2018ರ ನವೆಂಬರಿನಲ್ಲಿ ನೇಪಾಳದ ಮೇರಾ ಲಾ ಬಳಿ ಡಾನ್ ವಾರ್ಗೋವ್ಸ್ಕಿ ಎಂಬಾತನ ತಂಡದ ಬೆನ್ನು ಹತ್ತಿದ ಬೀದಿನಾಯಿ ಅದು. ಯಾರೂ ಕರೆದಿರಲಿಲ್ಲ. 7,129 ಮೀಟರ್ ಎತ್ತರದ ಬರುಂತ್ಸೆಯ ನೆತ್ತಿ ಮುಟ್ಟಿ ತಂಡದ ಜೊತೆಗೇ ಇಳಿದು ಬಂತು. ರಾತ್ರಿ ಚಳಿಗೆ ವಾರ್ಗೋವ್ಸ್ಕಿ ಅದನ್ನು ತನ್ನ ಗುಡಾರದೊಳಕ್ಕೇ ಕರೆದುಕೊಂಡ. ಇಂಥದ್ದಕ್ಕೆ ವಂಶಾವಳಿಯ ಸರ್ಟಿಫಿಕೇಟು ಕೇಳುವವರು ಯಾರು?

ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ಹೆಣ್ಣುನಾಯಿ ಚಿಂಗೆಲ್ ಇದ್ದಾಳೆ. 1868ರಲ್ಲಿ ಐಗರ್ ಶಿಖರ ಹತ್ತಲಾಗದೆ ಮುಖ ಸಪ್ಪೆ ಮಾಡಿಕೊಂಡ ಹದಿಹರೆಯದ ಹುಡುಗ ಕೂಲಿಡ್ಜ್‌ನ ಸಮಾಧಾನಕ್ಕೆಂದು ಮಾರ್ಗದರ್ಶಿ ಕ್ರಿಸ್ಟಿಯನ್ ಆಲ್ಮರ್ ತನ್ನ ನಾಯಿಯನ್ನೇ ಕೊಟ್ಟುಬಿಟ್ಟ. ಮರಿಯಾಗಿದ್ದಾಗ ದಾಟಿದ್ದ ಆಲ್ಪ್ಸ್‌ನ ಕಣಿವೆದಾರಿಯ ಹೆಸರೇ ಅವಳ ಹೆಸರು. ಶಿಖರ, ಕಣಿವೆದಾರಿ ಎಲ್ಲ ಸೇರಿ 60ಕ್ಕೂ ಹೆಚ್ಚು ಕಡೆ ಓಡಾಡಿದಳು. 1875ರಲ್ಲಿ ಮಾಂಟ್ ಬ್ಲಾಂಕ್ ಕೂಡ ಹತ್ತಿದಳು. ಮಂಜುಗಡ್ಡೆಗೆ ಪಾದ ಸೀಳಿ ರಕ್ತ ಸುರಿಯುತ್ತಿತ್ತಂತೆ. ಲಂಡನ್ನಿನ ಆಲ್ಪೈನ್ ಕ್ಲಬ್ಬು ಅವಳನ್ನು ಗೌರವ ಸದಸ್ಯೆ ಮಾಡಿಕೊಂಡಿತೆಂಬ ಕತೆಯೂ ಇದೆ. ಆಗ ಆ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕೂಲಿಡ್ಜ್‌ನ ಜೊತೆಗೇ ಹತ್ತುತ್ತಿದ್ದ ಅವನ ತಾಯಿಯ ಸೋದರಿ ಮೆಟಾ ಬ್ರೆವೂರ್ಟ್‌ಗೆ ಸಿಗದ ಮರ್ಯಾದೆ ನಾಯಿಗೆ ಸಿಕ್ಕಿತೆನ್ನಿ!

ಆದರೂ ನನ್ನ ತೂಕ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿ ಹುಲಿಯನ ಕಡೆಗೇ. ಅವನ ಒಡೆಯ ಗುತ್ತಿಯನ್ನು ಊರು ನಾಯಿಗುತ್ತಿ ಎಂದೇ ಕರೆಯಿತು. ಚಿಂಗೆಲ್‌ಗೆ ಹೆಸರು ಕೊಟ್ಟದ್ದು ಬೆಟ್ಟದ ದಾರಿ. ಇಲ್ಲಿ ಮನುಷ್ಯನ ಹೆಸರಿಗೇ ನಾಯಿ ಸೇರಿಕೊಂಡಿದೆ. ಆಲ್ಪ್ಸ್‌ನವರಿಗೆ ಹತ್ತುವುದು ಹವ್ಯಾಸ. ಗುತ್ತಿಗೆ ಅದು ಜೀತದ ಓಡಾಟ, ಮದುವೆಯ ಓಡಾಟ, ಕೊನೆಗೆ ಜೀವ ಉಳಿಸಿಕೊಳ್ಳುವ ಓಟ. ಅಷ್ಟರಲ್ಲೂ ಹುಲಿಯ ಜೊತೆಗಿದ್ದ. ಕಡೆಗೆ ನೆರೆ ಬಂದ ತುಂಗೆಯಲ್ಲಿ ದೋಣಿಯ ಹಿಂದೆ ಈಜಿ ಬಂದದ್ದೂ ಜೊತೆ ಬಿಡಲಾರದೆ. ಆ ಪುಟಗಳನ್ನು ಓದಿದವರಿಗೆ ನಾನು ಹೇಳುವುದೇನೂ ಇಲ್ಲ.

ಹೊಳೆಯಲ್ಲಿ ಹುಲಿಯನನ್ನು ಉಳಿಸಿಕೊಳ್ಳಲು ಗುತ್ತಿ ಕೈಲಾಗದವನಾಗಿದ್ದ. ನಮಗೆ ಆ ನೆಪವಿಲ್ಲ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಹತ್ತುವ ದಾರಿಯಲ್ಲಿ ಊರನಾಯಿಗಳು ಚಾರಣಿಗರ ಹಿಂದೆ ಹೊರಡುತ್ತವೆ. ಒಂದು ಬಿಸ್ಕತ್ತು ಸಾಕು, ನಡುದಾರಿಯ ಭಟ್ಟರ ಮನೆ ದಾಟಿ ನೆತ್ತಿಯವರೆಗೂ ಬಂದಾವು. ಮೂಗಿನೊಳಗೆ ಇಂಬಳ ಹೊಕ್ಕು, ಸೀನಿ ಸೀನಿ ರಕ್ತದ ಹನಿ ಉದುರಿಸುತ್ತಲೇ ಮುಂದೆ ಹೋಗಿ, ತಿರುವಿನಲ್ಲಿ ನಿಂತು ನಮ್ಮನ್ನು ಕಾಯುತ್ತವೆ. ನಾವೋ, ಆಚೆ ಬದಿಯ ಸೋಮವಾರಪೇಟೆ ಕಡೆ ಇಳಿದು ಬಸ್ಸು ಹತ್ತಿಬಿಡುತ್ತೇವೆ. ಬೇರೆ ಊರಿನ ನಾಯಿಗಳ ಸರಹದ್ದಿನಲ್ಲಿ ಹಿಂದೆ ಬಂದ ನಾಯಿಯ ಗತಿಯೇನು? ದಾರಿಯುದ್ದಕ್ಕೂ ಚಿರತೆಯ ಕಾಡು. ನಾಯಿಗೆ ಡಿಸ್ಟೆಂಪರ್ ರೋಗವಿದ್ದರೆ ಕಾಡುಪ್ರಾಣಿಗಳಿಗೂ ಅಂಟೀತು.

ಮಳೆ ಕಳೆದು ಚಾರಣ ಶುರುವಾಗುವ ಹೊತ್ತು. ಕುಕ್ಕೆಯಲ್ಲಿ ನಾಯಿಗೆ ಬಿಸ್ಕತ್ತು ಹಾಕಬೇಡಿ. ಹಾಕಿದಿರೋ, ಹತ್ತಿದ ದಾರಿಯಲ್ಲೇ ಇಳಿದು ಅದನ್ನು ಅದರ ಊರಿಗೆ ಮುಟ್ಟಿಸಿ, ಆಮೇಲೆ ಬಸ್ಸು ಹತ್ತಿ.