ಬಾಗಿಲು ಹಾಕಿದರೆ ಕಣ್ಣು ಉಳಿದೀತೆ?

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು ಈಚೆಗೆ ಕೇಳಿದರು: “ನಮ್ಮ ಹುಡುಗನಿಗೆ ಯುವಿಯೈಟಿಸ್ ಅಂತೆ, ಮೇಷ್ಟ್ರೆ. ಇಲಿಗಳಲ್ಲಿ ಅದನ್ನು ವಾಸಿ ಮಾಡಿದ್ದಾರಂತೆ. ಅದೇ ಜಾತಿಯ ಔಷಧ ಬೆಂಗಳೂರಿನಲ್ಲೇ ತಯಾರಾಗುತ್ತಂತೆ. ಕೊಡಿಸಬಹುದಲ್ಲ?” ನಾನು ಭೌತವಿಜ್ಞಾನದವನು, ವೈದ್ಯನಲ್ಲ. ಆದರೂ ಒಂದು ಪ್ರಯೋಗ ಏನನ್ನು ತೋರಿಸಿದೆ, ಏನನ್ನು ತೋರಿಸಿಲ್ಲ ಎಂದು ಪರಿಶೀಲಿಸಬಹುದು.

ಯುವಿಯೈಟಿಸ್ ಎಂದರೆ ಕಣ್ಣಿನ ನಡುಪದರದ ಉರಿಯೂತ. ಇದರ ಒಂದು ಬಗೆಯಲ್ಲಿ ಸೋಂಕು ಇರುವುದಿಲ್ಲ. ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳೇ ರಕ್ತನಾಳದಿಂದ ಹೊರಬಂದು ಕಣ್ಣಿಗೆ ಹಾನಿ ಮಾಡುತ್ತವೆ. ಹೊರಬರಲು ಅವು ಮೊದಲು ನಾಳದ ಒಳಗೋಡೆಗೆ ಅಂಟಿಕೊಳ್ಳಬೇಕು. ರಕ್ತದ ಹರಿವು ಎಳೆದೊಯ್ಯುವ ಬಲವನ್ನು ಅಂಟಿನ ಬಲ ಮೀರಬೇಕು. ಅಂಟಿಗೆ ನೆರವಾಗುವ ಪ್ರೋಟೀನುಗಳನ್ನು ಪ್ರತಿಕಾಯದಿಂದ ಮುಚ್ಚಿದರೆ ಜೀವಕೋಶಗಳು ಹರಿವಿನೊಡನೆ ಮುಂದೆ ಸಾಗುತ್ತವೆ. ತರ್ಕವೇನೋ ಸರಿಯಾಗಿದೆ.

ಟಿ ಜೀವಕೋಶದ ಮೇಲಿರುವ ಸಿಡಿ6 ಇಂಥ ಒಂದು ಪ್ರೋಟೀನು. ಇದಕ್ಕೆ ಕಟ್ಟಿಕೊಳ್ಳುವ ಇಟೋಲಿಜುಮಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ ಕ್ಯೂಬಾದ ಸಂಸ್ಥೆಯೊಂದರ ಸಹಯೋಗದಲ್ಲಿ ಅಭಿವೃದ್ಧಿಪಡಿಸಿತು. 2013ರಲ್ಲಿ ಅದು ಭಾರತದಲ್ಲಿ ಬಳಕೆಗೆ ಬಂದದ್ದು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ.

ಇಲಿಗಳ ಅಧ್ಯಯನ ಅಮೆರಿಕದ್ದು, 2018ರಲ್ಲಿ ಪ್ರಕಟವಾದದ್ದು. ಸಿಡಿ6 ಇಲ್ಲದ ಇಲಿಗಳಲ್ಲಿ ರೋಗ ಸೌಮ್ಯವಾಗಿತ್ತು. ಸಿಡಿ6 ಇರುವ ಸಾಮಾನ್ಯ ಇಲಿಗಳಲ್ಲಿ ಪ್ರತಿಕಾಯ ಕೊಟ್ಟಾಗ ರೋಗ ತಗ್ಗಿತು. ಉತ್ತಮ ಕೆಲಸ. ಆದರೆ ಅಲ್ಲಿ ಬಳಸಿದ ಪ್ರತಿಕಾಯ ಇಟೋಲಿಜುಮಾಬ್ ಅಲ್ಲ. ಸಿಡಿ6 ಜೀವಕೋಶಗಳ ವಲಸೆಯಲ್ಲಷ್ಟೇ ಅಲ್ಲ, ಅವು ಪ್ರಚೋದನೆಗೊಂಡು ವೃದ್ಧಿಯಾಗುವುದರಲ್ಲೂ ಪಾತ್ರ ವಹಿಸುತ್ತದೆ. ಆದ್ದರಿಂದ ವಲಸೆ ತಡೆದುದರಿಂದಲೇ ಗುಣವಾಯಿತೆಂದು ಹೇಳಲಾಗದು. ಇಲಿಯಲ್ಲಿ ರೋಗವನ್ನು ನಾವೇ ಬರಿಸುವುದರಿಂದ ಅದು ಆರಂಭವಾದ ದಿನ ನಮಗೆ ಗೊತ್ತು. ರೋಗಿಯಾದರೋ ಕಣ್ಣು ಕೆಂಪಾದ ಮೇಲೆ, ಜೀವಕೋಶಗಳು ಒಳಹೊಕ್ಕ ಮೇಲೆ ವೈದ್ಯರ ಬಳಿಗೆ ಬರುತ್ತಾನೆ.

ಇನ್ನೂ ಮುಖ್ಯವಾದ ಪ್ರಶ್ನೆಯೊಂದಿದೆ. ಬಾಗಿಲು ಹಾಕಿದಾಗ ಕಾವಲುಗಾರನೂ ಹೊರಗುಳಿಯುವುದಿಲ್ಲವೆ? ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನಟಾಲಿಜುಮಾಬ್, ಬಿಳಿ ರಕ್ತಕಣಗಳು ಮಿದುಳಿಗೆ ದಾಟುವುದನ್ನು ತಡೆಯುತ್ತದೆ. ಕೆಲವರ ಮಿದುಳಿನಲ್ಲಿ ಜೆಸಿ ವೈರಸ್ಸಿನ ಮಾರಕ ಸೋಂಕು ಕಂಡದ್ದರಿಂದ 2005ರ ಫೆಬ್ರವರಿಯಲ್ಲಿ ಅದರ ಮಾರಾಟ ನಿಂತಿತು. 2006ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಡನೆ ಮರಳಿತು. ಅದೇ ರೋಗಕ್ಕೆ 2010ರಲ್ಲಿ ಬಂದ ಫಿಂಗೋಲಿಮಾಡ್ ಈ ಜೀವಕೋಶಗಳನ್ನು ದುಗ್ಧರಸ ಗ್ರಂಥಿಗಳಲ್ಲೇ ಹಿಡಿದಿಡುತ್ತದೆ. ಆದರೆ ಕೆಲವರಲ್ಲಿ ಅಕ್ಷಿಪಟಲದ ನಡುಭಾಗವೇ ಬಾತುಕೊಳ್ಳುತ್ತದೆ. ಹಿಂದೆ ಯುವಿಯೈಟಿಸ್ ಆಗಿದ್ದವರಿಗೆ ಈ ಅಪಾಯ ಹೆಚ್ಚು!

ನಮ್ಮ ದೇಶದಲ್ಲಿ ಕ್ಷಯವೂ ಯುವಿಯೈಟಿಸ್‌ಗೆ ಒಂದು ಮುಖ್ಯ ಕಾರಣ. ಅಂಥ ಕಣ್ಣಿನಲ್ಲಿ ರಕ್ಷಣೆಯನ್ನು ತಡೆಯುವುದೆಂದರೆ ರೋಗಾಣುವಿಗೆ ದಾರಿ ಮಾಡಿಕೊಟ್ಟಂತೆ.

ಹಿರಿಯರಿಗೆ ನಾನು ಹೇಳಿದ್ದು ಇಷ್ಟೆ: “ಕ್ಷಯದ ತಪಾಸಣೆ ಆಗಿದೆಯೆ ಎಂದು ವೈದ್ಯರನ್ನು ಕೇಳಿ. ಈಗಿನ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.” ಇಲಿಗಳ ಫಲಿತಾಂಶ ಮನುಷ್ಯರಲ್ಲಿ ಎಚ್ಚರದ ಪರೀಕ್ಷೆಗೆ ತೊಡಗಲು ಸಾಕು. ಹುಡುಗನ ಕಣ್ಣಿಗೆ ಔಷಧ ಹಾಕಲು ಅಷ್ಟು ಸಾಲದು.