ವೃಕ್ಷಸಾಕ್ಷಿಯೂ ದೇಶಾಂತರಸಾಕ್ಷಿಯೂ

ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಗಳ ಕಥೆಯು ಕನ್ನಡನಾಡಿನ ಪಾಠಶಾಲೆಗಳಲ್ಲಿ ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು. ಪರರಿಗೆ ತೋಡಿದ ಗುಂಡಿಯಲ್ಲಿ ಕುಟಿಲನು ತಾನೇ ಬೀಳುವನೆಂಬ ನೀತಿಯನ್ನು ಅದರಿಂದ ತೆಗೆದು ವಿದ್ಯಾರ್ಥಿಗಳಿಗೆ ಬೋಧಿಸಿ ಅಧ್ಯಾಪಕರು ತೃಪ್ತರಾಗುವುದು ವಾಡಿಕೆ. ಆ ನೀತಿಯು ಸುಳ್ಳಲ್ಲ. ಆದರೆ ಅಷ್ಟನ್ನು ಹೇಳುವುದಕ್ಕೆ ಇಷ್ಟು ಸಾಮಗ್ರಿಯು ಬೇಕಾಗಿರಲಿಲ್ಲ. ಧರ್ಮಾಧಿಕರಣವೇಕೆ? ಅಧಿಕಾರಿಗಳು ತಮ್ಮ ಪೀಠವನ್ನು ಬಿಟ್ಟು ಊರ ಹೊರಗಿನ ಮರದ ಬಳಿಗೆ ನಡೆದುಹೋಗುವುದೇಕೆ? ಇವುಗಳನ್ನು ಕಥೆಯ ಅಲಂಕಾರವೆಂದು ಬದಿಗಿರಿಸುವವರು ಕಥೆಯ ಜೀವವನ್ನೇ ಬದಿಗಿರಿಸಿದಂತಾಗುವುದು. ಸಭೆಗೆ ಬರಲಾರದ ಸಾಕ್ಷಿಯಿಂದ ಸಾಕ್ಷ್ಯವನ್ನು ಪಡೆಯುವುದೆಂತು ಎಂಬ ವ್ಯವಹಾರಶಾಸ್ತ್ರದ ಪ್ರಶ್ನೆಯೇ ಇಲ್ಲಿನ ವಸ್ತು. ಸಾಕ್ಷಿಗಳು ಸಮುದ್ರದಾಚೆ ನೆಲಸಿರುವ ಇಂದಿನ ಕಾಲದಲ್ಲಿ ಅದೇ ಪ್ರಶ್ನೆಯು ನ್ಯಾಯಸ್ಥಾನಗಳ ಮುಂದೆ ದಿನವೂ ನಿಂತಿರುವುದರಿಂದ, ಈ ಕಥೆಯನ್ನು ಆ ಬೆಳಕಿನಲ್ಲಿ ಓದಿ ಪರೀಕ್ಷಿಸುವುದು ಉಚಿತವಾಗಿದೆ.

ಕಥಾಸಂಗ್ರಹವಿಷ್ಟು. ವಣಿಕ್ಪುತ್ರರಾದ ಇಬ್ಬರು ಗೆಳೆಯರು ದೇಶಾಂತರಕ್ಕೆ ಹೋಗಿ ವ್ಯಾಪಾರಮಾಡಿ ಹಣವನ್ನು ಗಳಿಸಿ ಹಿಂದಿರುಗುತ್ತಾರೆ. ಊರ ಹೊರಗೆ ತಂಗಿ, ವೆಚ್ಚಕ್ಕೆ ಬೇಕಾದಷ್ಟನ್ನು ತೆಗೆದುಕೊಂಡು, ಉಳಿದುದನ್ನು ಆಲದಮರವೊಂದರ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ಗುಟ್ಟಾಗಿ ಬಂದು ಅದನ್ನು ಕದ್ದೊಯ್ದು, ಮುಂದೆ ಇಬ್ಬರೂ ಕೂಡಿ ಅಗೆದು ನೋಡಿದಾಗ ಕಳವನ್ನು ಗೆಳೆಯನ ತಲೆಗೆ ಕಟ್ಟುತ್ತಾನೆ. ವಿವಾದವು ಧರ್ಮಾಧಿಕರಣಕ್ಕೆ ಹೋಗುತ್ತದೆ. ಸಾಕ್ಷಿ ಯಾರೆಂದು ಕೇಳಲು, ಆ ಆಲದಮರವೇ ಸಾಕ್ಷಿಯೆನ್ನುತ್ತಾನೆ. ರಾತ್ರಿ ತನ್ನ ತಂದೆಯನ್ನು ಒಡಂಬಡಿಸಿ ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ಮರುದಿನ ಅಧಿಕಾರಿಗಳು ಬಂದು ಮರವನ್ನು ಪ್ರಶ್ನಿಸಿದಾಗ, ಹಣವನ್ನು ಒಯ್ದವನು ಧರ್ಮಬುದ್ಧಿಯೆಂದು ದನಿಯೇಳುತ್ತದೆ. ಕೇಳಿದವರು ಬೆರಗಾಗುತ್ತಾರೆ. ಧರ್ಮಬುದ್ಧಿಯು ಮಾತ್ರ ಮರವನ್ನು ಸುತ್ತಿಬಂದು, ಮನುಷ್ಯಸಂಚಾರದ ಕುರುಹನ್ನು ಕಂಡು, ಪೊಟರೆಗೆ ಬೆಂಕಿಯಿಡಿಸುತ್ತಾನೆ; ಒಳಗಿದ್ದ ಮುದುಕನು ಹೊರಕ್ಕೆ ಬೀಳುತ್ತಾನೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ವಂಚನೆಯನ್ನು ಹೊರಗೆಡಹಿದವರು ಅಧಿಕಾರಿಗಳಲ್ಲ. ಅವರು ವಿಧಿವತ್ತಾಗಿ ಬಂದರು, ವಿಧಿವತ್ತಾಗಿ ಕೇಳಿದರು, ಉತ್ತರವನ್ನು ಪಡೆದರು. ಅಲ್ಲಿಗೆ ಅವರ ಕೆಲಸವು ಮುಗಿದಂತಿತ್ತು. ದನಿಯು ಎಲ್ಲಿಂದ ಬಂತೆಂದು ಮರವನ್ನು ಸುತ್ತಿ ನೋಡಿದವನು ಆ ದನಿಯಿಂದ ಕೆಡತಕ್ಕವನಾದ ಪ್ರತಿವಾದಿಯೊಬ್ಬನೇ. ಅವನನ್ನು ಊರಿನಲ್ಲಿಯೇ ನಿಲ್ಲಿಸಿ ಅಧಿಕಾರಿಗಳು ಮಾತ್ರ ಮರದ ಬಳಿಗೆ ಹೋಗಿದ್ದರೆ ಕಥೆಯ ಗತಿ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಬೆಂಕಿಯ ಪ್ರಸಂಗವು ಅಗ್ನಿದಿವ್ಯದ ಛಾಯೆಯಾದುದರಿಂದ ಇಲ್ಲಿ ಸಾಕ್ಷಿವಿಚಾರವನ್ನು ಕಾಣುವುದು ಸಲ್ಲದೆಂದು ಪೂರ್ವಪಕ್ಷವನ್ನು ಮಾಡಬಹುದು. ಅದು ನಿಲ್ಲಲಾರದು. ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳು ಮಾನುಷಪ್ರಮಾಣವಿಲ್ಲದೆಡೆಯಲ್ಲಿ ವಾದಿಪ್ರತಿವಾದಿಗಳಲ್ಲೊಬ್ಬನಿಗೆ ವಿಧಿಸತಕ್ಕವು, ಸಾಕ್ಷಿಗೆ ವಿಧಿಸತಕ್ಕವಲ್ಲ. ಮೇಲಾಗಿ, ಸಂಸ್ಕೃತದ ಪ್ರಚಲಿತ ಪಾಠದಲ್ಲಿ, ಅಲ್ಲಿ ಮರವು ಶಮೀವೃಕ್ಷ, ಸಾಕ್ಷಿಯೆನಿಸುವುದು ವನದೇವತೆ, ಪತ್ರವೂ ಸಾಕ್ಷಿಯೂ ಇಲ್ಲದಿದ್ದರೆ ಮಾತ್ರ ದಿವ್ಯವೆಂಬ ಕ್ರಮವನ್ನು ಕಳ್ಳನೇ ಎತ್ತಿಹೇಳಿ ದಿವ್ಯವನ್ನು ತಪ್ಪಿಸಿಕೊಳ್ಳುತ್ತಾನೆ. ಧರ್ಮಬುದ್ಧಿಯ ಬೆಂಕಿಯು ಶೋಧನೆಯ ಬೆಂಕಿ; ಇಂದಿನ ಮಾತಿನಲ್ಲಿ ಹೇಳುವುದಾದರೆ ಪಾಟೀಸವಾಲು. ಒಂಟಿ ಸಾಕ್ಷಿಯು ಸಲ್ಲಬೇಕಾದರೆ ಉಭಯರ ಸಮ್ಮತಿಯೂ ಸಾಕ್ಷಿಯ ಧರ್ಮಜ್ಞತೆಯೂ ಬೇಕೆಂಬ ಯಾಜ್ಞವಲ್ಕ್ಯನ ನಿಯಮದ ಮೇಲೆ ಕಥೆಯು ನಿಲ್ಲುವುದಿಲ್ಲವೆಂಬುದು ನಿಜ. ಕಥೆಗಾರನಿಗೆ ಅಷ್ಟು ಸ್ವಾತಂತ್ರ್ಯವನ್ನು ಕೊಡಬೇಕು.

ದುರ್ಗಸಿಂಹನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಗ್ರಂಥದ ಕಾಲ ಸುಮಾರು 1031. ರಾಜಶಾಸನವನ್ನು ಬರೆಯತಕ್ಕವನು ಸಂಧಿವಿಗ್ರಹಕಾರಿಯೆಂದು ಮಿತಾಕ್ಷರೆಯಿಂದ ತಿಳಿಯುವುದರಿಂದ, ಬರೆಹದ ಬೆಲೆಯನ್ನೂ ಅದರ ಮೋಸವನ್ನೂ ಅರಿತವನ ಕೈಯಿಂದ ಈ ಕಥೆಯು ಕನ್ನಡಕ್ಕೆ ಬಂತೆಂಬುದರಲ್ಲಿ ಸಂದೇಹವಿಲ್ಲ. ಆ ಮಿತಾಕ್ಷರೆಯ ಕರ್ತೃವಾದ ವಿಜ್ಞಾನೇಶ್ವರನೂ ಅದೇ ವಂಶದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಮಿತಾಕ್ಷರೆಯೆಂದರೆ ಪಿತ್ರಾರ್ಜಿತದ ಹಂಚಿಕೆಯೆಂದೇ ವಕೀಲರ ತಿಳಿವಳಿಕೆ. 1810ರಲ್ಲಿ ಕೋಲ್‌ಬ್ರೂಕನು ದಾಯವಿಭಾಗವನ್ನು ಇಂಗ್ಲಿಷಿಗೆ ತಂದಂದಿನಿಂದ ಆ ಗ್ರಂಥದ ಉಳಿದ ಭಾಗಕ್ಕೆ ಗ್ರಹಣ ಹಿಡಿದಂತಾಯಿತು. ಅದರ ಸಾಕ್ಷಿಪ್ರಕರಣವನ್ನು ದುರ್ಗಸಿಂಹನ ಕಥೆಯ ಪಕ್ಕದಲ್ಲಿಟ್ಟು ಓದಿದರೆ ಎರಡೂ ಹೊಸದಾಗಿ ಕಾಣುತ್ತವೆ.

ಸುಳ್ಳನ್ನು ಹೇಳುವವನ ಲಕ್ಷಣಗಳನ್ನು ಯಾಜ್ಞವಲ್ಕ್ಯನು ಪಟ್ಟಿಮಾಡಿದ್ದಾನೆ. ನಿಂತಲ್ಲಿ ನಿಲ್ಲದಿರುವುದು, ಕಟವಾಯಿಯನ್ನು ನೆಕ್ಕುವುದು, ಹಣೆ ಬೆವರುವುದು, ಮುಖ ವಿವರ್ಣವಾಗುವುದು, ನಾಲಗೆ ಒಣಗಿ ತೊದಲುವುದು, ಹಿಂದುಮುಂದಿಗೆ ವಿರೋಧ ಬರುವಂತೆ ಬಹಳವಾಗಿ ಮಾತಾಡುವುದು. ಮನುವೂ ಸ್ವರ, ವರ್ಣ, ಇಂಗಿತಗಳಿಂದ ಅಂತರ್ಗತವನ್ನು ಅರಿಯಬೇಕೆಂದಿದ್ದಾನೆ. ಇಂಗ್ಲಿಷರ ನ್ಯಾಯಪದ್ಧತಿಯಲ್ಲಿಯೂ ಸಾಕ್ಷಿಯ ಮುಖಚರ್ಯೆಯನ್ನು ಕಣ್ಣಾರೆ ಕಂಡ ನ್ಯಾಯಾಧೀಶನ ಅಭಿಪ್ರಾಯಕ್ಕೆ ದೊಡ್ಡ ಬೆಲೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಸಾಕ್ಷಿಯ ವರ್ತನೆಯ ವಿಷಯವಾಗಿ ನ್ಯಾಯಾಧೀಶನು ಟಿಪ್ಪಣಿಯನ್ನು ಬರೆಯಬಹುದೆಂದು ಹೇಳುತ್ತದೆ. ದೇಶಾಂತರದಲ್ಲಿ ಪಡೆದ ಸಾಕ್ಷ್ಯವು ಕಾಗದವಾಗಿ ಬರುವಾಗ ಈ ಮುಖವು ಅಳಿಸಿಹೋಗುವುದೆಂಬುದೇ ಅದರ ಮೇಲಿನ ಮುಖ್ಯ ಆಕ್ಷೇಪ.

ವಿಜ್ಞಾನೇಶ್ವರನ ಮಾತು ಇಲ್ಲಿ ಆಶ್ಚರ್ಯಕರವಾಗಿದೆ. ಈ ಲಕ್ಷಣಗಳಿಂದ ದೋಷದ ಸಂಭಾವನೆ ಮಾತ್ರ ಹುಟ್ಟೀತು, ದೋಷದ ನಿಶ್ಚಯವು ಹುಟ್ಟದು, ಎಂದು ಅವನ ತೀರ್ಪು. ಸ್ವಭಾವದಿಂದ ಬಂದ ವಿಕಾರವೋ ಸಂದರ್ಭದಿಂದ ಬಂದುದೋ ಎಂಬ ವಿವೇಕವು ದುಸ್ಸಾಧ್ಯವೆಂಬುದು ಕಾರಣ. ಸೂಕ್ಷ್ಮಮತಿಯೊಬ್ಬನು ಅದನ್ನೂ ವಿಂಗಡಿಸಬಲ್ಲನೆಂದಾದರೂ ಅಷ್ಟರಿಂದಲೇ ಪರಾಜಯವನ್ನು ಹೇಳಲಾಗದು; ಸಾಯುವನೆಂಬ ಚಿಹ್ನೆಗಳು ಒಬ್ಬನಲ್ಲಿ ಕಂಡವೆಂದು ಅವನಿಗೆ ಉತ್ತರಕ್ರಿಯೆಯನ್ನು ಯಾರೂ ಆರಂಭಿಸುವುದಿಲ್ಲವಷ್ಟೆ, ಎಂದು ಅವನ ದೃಷ್ಟಾಂತ. ಹಳ್ಳಿಯಿಂದ ಬಂದು ಕಟಕಟೆಯಲ್ಲಿ ಮೊದಲ ಬಾರಿಗೆ ನಿಂತು ಬೆವರುವ ಸತ್ಯವಂತರನ್ನೂ, ಹಣೆಯಲ್ಲಿ ಹನಿಯೂ ಕಾಣದ ನುರಿತ ಸುಳ್ಳರನ್ನೂ ಕಂಡ ಯಾವ ವಕೀಲನೂ ಈ ದೃಷ್ಟಾಂತಕ್ಕೆ ತಲೆದೂಗದಿರಲಾರನು.

ಹಾಗಾದರೆ ದೇಶಾಂತರಸಾಕ್ಷ್ಯದಲ್ಲಿ ನಿಜವಾಗಿ ನಷ್ಟವಾಗುವುದು ಯಾವುದು? ವಾದಿಪ್ರತಿವಾದಿಗಳ ಸಮೀಪದಲ್ಲಿರುವ ಸಾಕ್ಷಿಗಳಿಗೆ ಸತ್ಯಾಸತ್ಯಗಳ ಫಲವನ್ನು ಕೇಳಿಸಿ ವಿಚಾರಿಸಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಕಾತ್ಯಾಯನನು ಇನ್ನೂ ಮುಂದೆ ಹೋಗಿ, ಉಭಯರ ಸನ್ನಿಧಿಯಲ್ಲಿ ಮಾತ್ರವಲ್ಲದೆ ವಿವಾದವಸ್ತುವಿನ ಸನ್ನಿಧಿಯಲ್ಲಿಯೂ ಸಾಕ್ಷ್ಯವನ್ನು ನುಡಿಸಬೇಕು, ಪರೋಕ್ಷದಲ್ಲಿ ಎಂದಿಗೂ ಕೂಡದು, ಎಂದು ಕಟ್ಟುಮಾಡುತ್ತಾನೆ. ಸಾಕ್ಷಿಯ ಮುಖವನ್ನು ನ್ಯಾಯಾಧೀಶನು ಕಾಣುವುದಕ್ಕಿಂತ, ಸಾಕ್ಷಿಯ ಮಾತನ್ನು ಎದುರಾಳಿಯು ಅಲ್ಲಿಯೇ ಇದ್ದು ಕೇಳುವುದು ಶಾಸ್ತ್ರಕಾರರಿಗೆ ಮುಖ್ಯವಾಗಿತ್ತೆಂದು ಇದರಿಂದ ಏರ್ಪಡುತ್ತದೆ. ದುರ್ಗಸಿಂಹನ ಕಥೆಯು ಈ ನಿಯಮಕ್ಕೆ ಬರೆದ ವ್ಯಾಖ್ಯಾನದಂತಿದೆ: ಅಲ್ಲಿ ಆಲದಮರವು ಸಾಕ್ಷಿಯೂ ಹೌದು, ವಿವಾದದ ಸ್ಥಳವೂ ಹೌದು, ಪ್ರತಿವಾದಿಯು ಅಲ್ಲಿಯೇ ಇದ್ದಾನೆ.

ಸಾಕ್ಷಿಯು ದೇಶಾಂತರಕ್ಕೆ ಹೋದರೆ ಮಾಡತಕ್ಕುದೇನೆಂಬುದನ್ನು ನಾರದನು ಚಿಂತಿಸದೆ ಬಿಟ್ಟಿಲ್ಲ. ಆ ಸಾಕ್ಷಿಯ ಹೇಳಿಕೆಯನ್ನು ಕೇಳಿದವರು ಸಾಕ್ಷ್ಯವನ್ನು ನುಡಿಯಬಹುದು, ಇಂತಹವನು ಉತ್ತರಸಾಕ್ಷಿ. ಹನ್ನೊಂದು ಬಗೆಯ ಸಾಕ್ಷಿಗಳಲ್ಲಿ ಅವನಿಗೂ ಒಂದು ಸ್ಥಾನವಿದೆ. ಕೇಳಿದುದನ್ನು ಹೇಳುವವನನ್ನು ಒಪ್ಪಿದುದು ಶಾಸ್ತ್ರದ ಸಡಿಲಿಕೆಯೆಂದು ಕೆಲವರಿಗೆ ತೋರಬಹುದು. ಆದರೆ ರಾಜನ ಆಜ್ಞೆಯು ರಾಜ್ಯದ ಎಲ್ಲೆಯಲ್ಲಿ ನಿಲ್ಲುವುದು. ಸಾಕ್ಷ್ಯವನ್ನು ನುಡಿಯದೆ ಸುಮ್ಮನಿರುವವನಿಂದ ನಲವತ್ತಾರನೆಯ ದಿನ ಸಾಲವೆಲ್ಲವನ್ನೂ ಹತ್ತನೆಯ ಒಂದಂಶದೊಡನೆ ಕೊಡಿಸಬೇಕೆಂಬ ಯಾಜ್ಞವಲ್ಕ್ಯನ ದಂಡವು ಎಲ್ಲೆಯಾಚೆಯವನಿಗೆ ತಟ್ಟುವಂತಿರಲಿಲ್ಲ. ಒಬ್ಬ ಅರಸನ ಧರ್ಮಾಧಿಕರಣವು ಇನ್ನೊಬ್ಬ ಅರಸನ ಪ್ರಜೆಯನ್ನು ವಿಚಾರಿಸಿ ಕಳುಹಿಸೆಂದು ಪತ್ರದಿಂದ ಕೇಳಿಕೊಳ್ಳುವ ಮಾರ್ಗವು ಸ್ಮೃತಿಗಳಲ್ಲಿ ಕಾಣದು.

ಆ ಮಾರ್ಗವನ್ನು ಆಧುನಿಕರು ಮಾಡಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಇಪ್ಪತ್ತಾರನೆಯ ಆದೇಶದಂತೆ, ಭಾರತದ ಹೊರಗಿರುವವನ ಸಾಕ್ಷ್ಯವು ಅವಶ್ಯವೆಂದು ಕಂಡರೆ ನ್ಯಾಯಸ್ಥಾನವು ಕಮಿಷನನ್ನಾಗಲಿ ವಿನಂತಿಪತ್ರವನ್ನಾಗಲಿ ಹೊರಡಿಸಬಹುದು. ರಾಷ್ಟ್ರರಾಷ್ಟ್ರಗಳ ನಡುವೆ ಇದಕ್ಕೆ ಒಂದು ಸಾಮಾನ್ಯಕ್ರಮವನ್ನು ಏರ್ಪಡಿಸಿದುದು 1970ರ ಮಾರ್ಚ್ 18ರ ಹೇಗ್ ಒಡಂಬಡಿಕೆ. ಭಾರತವು ಅದನ್ನು ಸೇರಿದುದು 2007ರಲ್ಲಿ. ಅದರಂತೆ ಪತ್ರವು ಪ್ರತಿಯೊಂದು ರಾಷ್ಟ್ರದ ಕೇಂದ್ರಾಧಿಕಾರಿಗೆ ಹೋಗಿ, ಅಲ್ಲಿಂದ ತಕ್ಕ ನ್ಯಾಯಸ್ಥಾನಕ್ಕೆ ಸೇರುವುದು. ಒಪ್ಪದ ಸಾಕ್ಷಿಯನ್ನು ಆ ದೇಶದ ನ್ಯಾಯಾಧೀಶನು ತನ್ನ ದೇಶದ ಮೊಕದ್ದಮೆಯಲ್ಲಿ ಹೇಗೋ ಹಾಗೆಯೇ ಬಲಾತ್ಕರಿಸಬಹುದು. ನಲವತ್ತಾರನೆಯ ದಿನದ ದಂಡಕ್ಕೆ ಎಲ್ಲೆಯನ್ನು ದಾಟುವ ಶಕ್ತಿಯು ಹೀಗೆ ಬಂದಿತೆನ್ನಬಹುದು. ಪತ್ರದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನಾಗಲಿ, ವಿಚಾರಿಸಬೇಕಾದ ವಿಷಯವನ್ನಾಗಲಿ ಬರೆದಿರಬೇಕು.

ಕೊರತೆಯು ಇಲ್ಲಿಯೇ ಇರುವುದು. ಮೊದಲೇ ಬರೆದ ಪ್ರಶ್ನೆಗಳು ದುರ್ಗಸಿಂಹನ ಅಧಿಕಾರಿಗಳ ಪ್ರಶ್ನೆಯಂತೆ ವಿಧಿವತ್ತಾದುವು. ಮೊದಲನೆಯ ಉತ್ತರವನ್ನು ಕೇಳಿದ ಮೇಲೆ ಹುಟ್ಟುವ ಎರಡನೆಯ ಪ್ರಶ್ನೆಯು ಅವುಗಳಲ್ಲಿ ಇರುವುದಿಲ್ಲ. ಮರವನ್ನು ಸುತ್ತಿಬರುವುದೆಂದರೆ ಆ ಎರಡನೆಯ ಪ್ರಶ್ನೆಯೇ. ಒಡಂಬಡಿಕೆಯ ಏಳನೆಯ ವಿಧಿಯು, ಬಯಸಿದಲ್ಲಿ ವಿಚಾರಣೆಯ ಕಾಲದೇಶಗಳನ್ನು ತಿಳಿಸಿ ಪಕ್ಷಗಾರರೂ ಅವರ ಪ್ರತಿನಿಧಿಗಳೂ ಅಲ್ಲಿರುವಂತೆ ಅವಕಾಶವನ್ನು ಕೊಡುತ್ತದೆ. ಸಂಹಿತೆಯೂ ಕಮಿಷನರ ಮುಂದೆ ಪಕ್ಷಗಾರರು ಹಾಜರಿರಬೇಕೆಂದು ನಿರ್ದೇಶಿಸುತ್ತದೆ. ಹಾಜರಾಗದಿದ್ದರೆ ಅವರಿಲ್ಲದೆಯೇ ನಡೆಯಬಹುದೆಂದೂ ಹೇಳುತ್ತದೆ. ಬರೆಹದಲ್ಲಿ ಇದು ನ್ಯಾಯವೇ. ಆದರೆ ತುಮಕೂರಿನ ಅಂಗಡಿಕಾರನೊಬ್ಬನು ಪ್ರತಿವಾದಿಯಾಗಿ, ಸಾಕ್ಷಿಯು ಕೆನಡದಲ್ಲಿದ್ದರೆ, ಅವನು ಯಾವ ಹಣದಿಂದ ಹಡಗನ್ನೋ ವಿಮಾನವನ್ನೋ ಹತ್ತಿ ಹೋಗಿ ಆ ಮರವನ್ನು ಸುತ್ತಿಬಂದಾನು? ಬಡವನಾದ ಧರ್ಮಬುದ್ಧಿಗೆ ಊರಿನಲ್ಲಿಯೇ ನಿಲ್ಲುವುದು ವಿಧಿಯಾಗುತ್ತದೆ.

ಈ ದೃಷ್ಟಿಯಿಂದ ಕರ್ನಾಟಕದ ಉಚ್ಚ ನ್ಯಾಯಾಲಯವು 2003ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಸಾಹಿತ್ಯಾಭ್ಯಾಸಿಗಳಿಗೂ ಓದತಕ್ಕುದಾಗಿದೆ. ಅಮೆರಿಕದಲ್ಲಿದ್ದ ಸಾಕ್ಷಿಗಳನ್ನು ದೃಶ್ಯಶ್ರವ್ಯಯಂತ್ರದ ಮೂಲಕ ವಿಚಾರಿಸಲು ಅದು ಅನುಮತಿಯನ್ನಿತ್ತಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ, ಸನ್ನಿಧಿಯೆಂದರೆ ಶರೀರದ ಸನ್ನಿಧಿಯೇ ಆಗಬೇಕಾಗಿಲ್ಲವೆಂದು ನಿರ್ಣಯಿಸಿತ್ತು. ಕರ್ನಾಟಕದ ತೀರ್ಪಿನ ಸ್ವಾರಸ್ಯವಿರುವುದು ಅದು ವಿಧಿಸಿದ ಕಟ್ಟಳೆಗಳಲ್ಲಿ. ತೆರೆಯ ಮೇಲೆ ಕಾಣುವವನು ಆ ಸಾಕ್ಷಿಯೇ ಎಂದು ಪ್ರಮಾಣಪತ್ರವಿರಬೇಕು. ವಿಚಾರಣೆಯು ಭಾರತದ ನ್ಯಾಯಸ್ಥಾನದ ವೇಳೆಯಲ್ಲಿಯೇ ನಡೆಯಬೇಕು, ಅಲ್ಲಿ ಅರ್ಧರಾತ್ರಿಯೆಂಬ ನೆಪವು ಸಲ್ಲದು. ತೆರೆಯ ಮೇಲಿನ ಸಾಕ್ಷಿಯ ವರ್ತನೆಯನ್ನು ನ್ಯಾಯಾಧೀಶನು ಬರೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಿಚಾರಣೆಯ ಕಾಲದಲ್ಲಿ ಸಾಕ್ಷಿಯು ಒಬ್ಬನೇ ಇರಬೇಕು, ಮ್ಯಾಜಿಸ್ಟ್ರೇಟರಾಗಲಿ ನೋಟರಿಯಾಗಲಿ ಅದನ್ನು ದೃಢೀಕರಿಸಬೇಕು. ಪೊಟರೆಯೊಳಗೆ ಅಡಗಿದ ಮುದುಕನನ್ನು ನೆನೆದೇ ಬರೆದಂತಿದೆ ಈ ಕಡೆಯ ಕಟ್ಟಳೆ. ಪ್ರತಿವಾದಿಯ ವಕೀಲನು ಇಲ್ಲಿಂದಲೇ ಎರಡನೆಯ ಪ್ರಶ್ನೆಯನ್ನು ಕೇಳಬಲ್ಲನಾದುದರಿಂದ, ತುಮಕೂರಿನ ಅಂಗಡಿಕಾರನಿಗೆ ಕಾಗದದ ವಿನಂತಿಪತ್ರಕ್ಕಿಂತ ಇದು ಮೇಲು. ಆದರೂ ಆ ದೂರದ ಕೋಣೆಯನ್ನು ಸುತ್ತಿಬರುವವನು ನೋಟರಿಯೇ ಹೊರತು ಪ್ರತಿವಾದಿಯಲ್ಲ. ಗೆಲವಿನಲ್ಲಿಯಾಗಲಿ ಸೋಲಿನಲ್ಲಿಯಾಗಲಿ ಅವನಿಗೆ ಪಾಲಿಲ್ಲ.

ಭಾಷೆಯ ವಿಷಯದಲ್ಲಿ ಇನ್ನೊಂದು ತೊಡಕು ಉಳಿದಿದೆ. ಅಧ್ಯಾಪಕರಿಗೆ ಅದು ಹೆಚ್ಚು ರುಚಿಸೀತು. ಜರ್ಮನಿಯ ಸಿವಿಲ್ ನ್ಯಾಯಸ್ಥಾನಗಳಲ್ಲಿ ಸಾಕ್ಷಿಯನ್ನು ಮುಖ್ಯವಾಗಿ ಪ್ರಶ್ನಿಸುವವನು ನ್ಯಾಯಾಧೀಶನು. ಉತ್ತರವನ್ನು ಅಕ್ಷರಶಃ ಬರೆಸದೆ ಅದರ ಸಾರವನ್ನು ತನ್ನ ಮಾತಿನಲ್ಲಿ ಹೇಳಿ ಬರೆಯಿಸುವುದು ಅಲ್ಲಿನ ಬಹುಕಾಲದ ರೂಢಿ. ಆ ದೇಶಕ್ಕೆ ಹೋದ ಪತ್ರಕ್ಕೆ ಉತ್ತರವಾಗಿ ಬರುವ ಹೇಳಿಕೆಯು ಸಾಕ್ಷಿಯದಲ್ಲ, ಸಾಕ್ಷಿಯ ಮಾತನ್ನು ಕೇಳಿದವನದು. ಅದರ ಮೇಲೆ ಇಂಗ್ಲಿಷಿಗೆ ಅನುವಾದ. ವಾದಪ್ರತಿವಾದಗಳಲ್ಲಿ ಕನ್ನಡಕ್ಕೆ ಇನ್ನೊಂದು ಅನುವಾದ. ನಾರದನ ಉತ್ತರಸಾಕ್ಷಿಯು ಹೀಗೆ ಹೆಸರನ್ನು ಬದಲಿಸಿಕೊಂಡು, ಒಬ್ಬನ ಮೇಲೊಬ್ಬನಾಗಿ, ಮತ್ತೆ ಸಭೆಗೆ ಬಂದಿದ್ದಾನೆ. ವ್ಯತ್ಯಾಸವಿಷ್ಟೇ: ನಾರದನ ಕಾಲದಲ್ಲಿ ಅವನು ಉತ್ತರಸಾಕ್ಷಿಯೆಂದು ಎಲ್ಲರಿಗೂ ತಿಳಿದಿತ್ತು, ಈಗ ಅವನು ಮೂಲಸಾಕ್ಷಿಯ ರುಜುವಿನ ಹಿಂದೆ ನಿಂತಿರುತ್ತಾನೆ. ಇದಕ್ಕೆ ಪರಿಹಾರವು ಒಡಂಬಡಿಕೆಯಲ್ಲಿಯೇ ಇದೆ. ತನ್ನ ದೇಶದ ಕಾನೂನಿಗೆ ವಿರೋಧವಾಗದಿದ್ದರೆ, ಕೇಳಿದ ವಿಶೇಷಕ್ರಮವನ್ನು ವಿಚಾರಿಸುವ ನ್ಯಾಯಸ್ಥಾನವು ಅನುಸರಿಸಬೇಕೆಂದು ಒಂಬತ್ತನೆಯ ವಿಧಿಯು ಹೇಳುತ್ತದೆ. ಪ್ರಶ್ನೋತ್ತರಗಳನ್ನು ಅಕ್ಷರಶಃ ಬರೆಯಬೇಕೆಂದೂ, ಪ್ರತಿವಾದಿಯ ಕಡೆಯವರಿಗೆ ಪಾಟೀಸವಾಲಿನ ಅವಕಾಶವಿರಬೇಕೆಂದೂ ಪತ್ರವನ್ನು ಬರೆಯುವಾಗಲೇ ಕೇಳಿಕೊಳ್ಳತಕ್ಕುದು. ಕೇಳದೆ ಕಳುಹಿಸಿದ ಪತ್ರಕ್ಕೆ ಸಾರಸಂಗ್ರಹವೇ ಹಿಂದಿರುಗಿ ಬಂದೀತು, ಸಾಕ್ಷಿಯು ಯಾವ ಪ್ರಶ್ನೆಯ ಮುಂದೆ ತಡೆದು ನಿಂತನೆಂಬುದು ಅದರಲ್ಲಿರದು.